ಹೆಬ್ಬೆರಳಿನ ಸುದ್ದಿ

ನರಗಳಿಗೆ ಹೊದಿಕೆ ಸುತ್ತುವ ಕೋಶಗಳು ಎಲ್ಲರ ಮೈಯಲ್ಲೂ ಮುಷ್ಕರ ಹೂಡಿದ ಮೇಲೆ, ಕಾಲಿಗೆ ಏನೇ ತಾಕಿದರೂ ಆ ಸುದ್ದಿ ತಲೆಗೆ ನಡೆದುಕೊಂಡೇ ಬರುತ್ತಿತ್ತು. ಕುಳ್ಳರಿಗೆ ಹತ್ತು ನಿಮಿಷ, ಉದ್ದನೆಯವರಿಗೆ ದೇವರೇ ಗತಿ. ಅದಕ್ಕೇ ಕನ್ಯಾ ನೋಡಲು ಹೋದ ವರ ಕಾಲಿನ ಸುದ್ದಿ ಬರುವ ತನಕ ಕುರ್ಚಿ ಬಿಟ್ಟು ಏಳಬಾರದೆಂದು ರೂಢಿ. ಒಪ್ಪಿದ ಹುಡುಗಿ ಉಪ್ಪಿಟ್ಟು ಕೊಡುವಾಗ ಅವನ ಹೆಬ್ಬೆರಳು ತುಳಿದಿರುತ್ತಾಳೆ.

ಕನ್ಯಾ ನೋಡಲು ಬಂದ ಆರೂಕಾಲು ಅಡಿಯ ಫಕೀರೇಶ, ಉಪ್ಪಿಟ್ಟು ಕೊಟ್ಟ ನೀಲಾಂಬಿಕೆಯ ಮುಖವನ್ನೇ ನೋಡುತ್ತ ಕಾಲಿನತ್ತ ನೋಡಿರಲಿಲ್ಲ. ಅರ್ಧ ತಾಸು ಕಾದ. ಕಾಲು ಪಿಟಕ್ಕೆನ್ನಲಿಲ್ಲ.

"ನಂಗ ಹತ್ತ ನಿಮಿಷಕ್ಕ ಬಂದಿತ್ತಪಾ. ಆಕಿ ತುಳದಿಲ್ಲ. ನಡಿ, ಬಸ್ ತಪ್ಪತೈತಿ," ಎಂದ ಕುಳ್ಳ ಸೋದರಮಾವ.

ಬಸ್ಸಿನಲ್ಲಿ ಫಕೀರೇಶ ಮೋರೆ ಸಣ್ಣದು ಮಾಡಿ ಕುಳಿತ. ಊರ ಕೆರೆ ದಾಟಿತ್ತಷ್ಟೇ, ಬಲ ಹೆಬ್ಬೆರಳು ಜಜ್ಜಿದಂತಾಯಿತು.

"ಯಪ್ಪಾ!" ಎಂದು ಚೀರಿ ಎದ್ದವನ ತಲೆ ಬಸ್ಸಿನ ಮಾಡಿಗೆ ಬಡಿಯಿತು.

"ಚೇಳು ಕಡೀತೇನ್ರಿ?" ಕಂಡಕ್ಟರ್ ಗಾಬರಿಯಾದ.

"ಇಲ್ರೀ, ಹುಡುಗಿ ಒಪ್ಯಾಳ! ಗಾಡಿ ನಿಂದರಸ್ರಿ!"

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಫಕೀರೇಶ ಧುಮುಕಿ, ಬಂದ ದಾರಿಯಲ್ಲೇ ಓಡಿದ. ಕೆರೆಯ ಏರಿಯ ಮೇಲೆ ಎಡಗಾಲಿನ ಸುದ್ದಿಯೂ ಬಂತು. ನೀಲಾಂಬಿಕೆ ಅದನ್ನೂ ತುಳಿದಿದ್ದಳು, ಇನ್ನೂ ಜೋರಾಗಿ.