ಕೈಗಂಟೆ

ಮನಶ್ಶಾಸ್ತ್ರದ ಪ್ರೊಫೆಸರರು ಕಾಫಿ ಬೇಕೆಂದರೆ ಕೈಗಂಟೆ ಬಾರಿಸುತ್ತಿದ್ದರು. ಹೆಂಡತಿ ಕಾತ್ಯಾಯಿನಿ ಲೋಟ ಹಿಡಿದು ಬಂದರೆ ಶಿಷ್ಯರ ಎದುರು ನಗುತ್ತಿದ್ದರು: "ನೋಡ್ರಪ್ಪಾ, ನಾಯಿಗೂ ಹೀಗೇ ಅಭ್ಯಾಸ ಮಾಡ್ಸೋದು!"

ಮೂವತ್ತು ವರ್ಷ ಆಕೆ ಹಲ್ಲು ಕಚ್ಚಿಕೊಂಡು ಕೇಳಿದಳು. ಅವರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಗಂಟೆ ಆಕೆಯ ಕೈಗೆ ಬಂತು. ದಿನಕ್ಕೆ ಮೂರು ಸಲ ಗಂಟೆ ಬಾರಿಸುವುದು, ಹಿಂದೆಯೇ ಲೋಟದ ತುಂಬ ಬೇವಿನ ಕಷಾಯ ಕುಡಿಸುವುದು.

"ಗಂಟೆ ಯಾಕೇ? ಈಗೀಗ ಅದರ ಸದ್ದು ಕೇಳಿದ್ರೇನೇ ವಾಂತಿ ಬರತ್ತೆ."

"ಅಭ್ಯಾಸ ಆಗ್ಲಿ ಅಂತ ರೀ."

ನಿವೃತ್ತಿಯ ಸನ್ಮಾನದಲ್ಲಿ ಶಾಲು ಹೊದ್ದು ಅವರು ಭಾಷಣಕ್ಕೆ ನಿಂತರು. "ನನ್ನ ಹೆಂಡತಿಗೆ ನಾನು ಕಲಿಸಿದ ಪಾಠ ನಿಮಗೆಲ್ಲ ಗೊತ್ತೇ ಇದೆ..."

ಸಭೆ ಗೊಳ್ಳೆಂದು ನಕ್ಕಿತು. ಮೊದಲ ಸಾಲಿನಲ್ಲಿದ್ದ ಕಾತ್ಯಾಯಿನಿ ಚೀಲದಿಂದ ಗಂಟೆ ತೆಗೆದು ಒಮ್ಮೆ ಬಾರಿಸಿದಳು.

ಪ್ರೊಫೆಸರರು ಸನ್ಮಾನದ ಶಾಲನ್ನೇ ಬಾಯಿಗೊತ್ತಿಕೊಂಡು ವೇದಿಕೆಯಿಂದ ಓಡಿದರು.