ಗೋದಾಮಿನ ಬಲ್ಬು

ಕರೆಂಟ್ ಬಿಲ್ ಕಟ್ಟಿ ಕಟ್ಟಿ ಸಾಕಾದ ಟೇಲರ್ ಶಿವಪುತ್ರಪ್ಪ ಒಂದು ಸಂಜೆ ಅಂಗಡಿಯ ದೀಪ ಆರಿಸಿ, ಗುಂಡಿ ಹಚ್ಚುವ ಕೆಲಸವನ್ನು ಎದುರಿನ ಮೆಣಸಿನಕಾಯಿ ಗೋದಾಮಿನ ಕಟ್ಟೆಗೆ ಒಯ್ದ. ಅಲ್ಲಿ ಬಾಗಿಲ ಮೇಲೊಂದು ಬಲ್ಬು ಉರಿಯುತ್ತಿತ್ತು. ಅವನನ್ನು ನೋಡಿ ಸೈಕಲ್ ರಿಪೇರಿಯ ದಾದಾಪೀರನೂ ತನ್ನ ದೀಪ ಆರಿಸಿ, ಪಂಕ್ಚರ್ ಡಬ್ಬಿ ಹಿಡಿದು ಬಂದು ಪಕ್ಕದಲ್ಲಿ ಕೂತ. ಬಾಡಿಗೆ ಏರಿದ ಆ ವರ್ಷ ಇಬ್ಬರ ಅಂಗಡಿಯೂ ಉಳಿದದ್ದು ಆ ಬೆಳಕಿನಿಂದಲೇ.

“ಗೋದಾಮಿನ ಅಕ್ಕಾರು ನಮ್ಮನ್ನ ಇನ್ನೂ ನೋಡಿಲ್ಲ ಅಂತ ಕಾಣತೈತಿ,” ಅನ್ನುವನು ದಾದಾಪೀರ, ಮೆಣಸಿನಕಾಯಿ ಘಾಟಿಗೆ ಸೀನುತ್ತ.

“ಸಾವಕಾಶ ಸೀನಪಾ, ಕೇಳಿಸೀತು.”

ಒಂದು ಸಂಜೆ ಗೋದಾಮಿನ ಯಜಮಾನಿ ಗುರುಸಿದ್ಧವ್ವ ಏಣಿ ಹಿಡಿದು ಬಂದಳು. ಅದನ್ನು ಹತ್ತಿ ಬಲ್ಬು ಬಿಚ್ಚಿದಳು. ಕಟ್ಟೆ ಕತ್ತಲಾಯಿತು.

“ತಗದು ಒಯ್ಯಬ್ಯಾಡ್ರಿ ಅಕ್ಕಾರ,” ಅಂದ ದಾದಾಪೀರ. “ನಮ್ಮ ಹೊಟ್ಟಿ ಮ್ಯಾಲೆ ಹೊಡದಂಗ ಆಗತೈತಿ.”

“ಇಷ್ಟು ದಿನ ಪುಕ್ಕಟ ಕೂತೀರಿ. ನನ್ನ ಒಂದ ಮಾತು ಕೇಳೀರೇನು?”

“ತಪ್ಪಾತ್ರಿ,” ಅಂದ ಶಿವಪುತ್ರಪ್ಪ. “ಬಿಲ್ಲಿನಾಗ ಅರ್ಧ ನಾವು ಕೊಡ್ತೀವಿ. ಬೇಕಾದ್ರ ನಿಮ್ಮ ಹರಕ ಚೀಲ ಎಲ್ಲಾ ನಾ ಹೊಲದು ಕೊಡ್ತೀನಿ.”

“ಚೀಲ ಹೊಲದು ಕೊಡಪಾ. ಬಿಲ್ಲು ನನಗ ಇರಲಿ,” ಎಂದು ಗುರುಸಿದ್ಧವ್ವ ಸೆರಗಿನ ಮರೆಯಿಂದ ಇನ್ನೂ ದೊಡ್ಡದೊಂದು ಬಲ್ಬು ತೆಗೆದು ಹಾಕಿದಳು. ಕಟ್ಟೆಯೆಲ್ಲ ಬೆಳ್ಳಗಾಯಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಕೆ ಸಾವಕಾಶ ಏಣಿ ಇಳಿದಳು.

“ಸಂಜಿ ಕಾವಲಿಗಿದ್ದವ ಬಿಟ್ಟು ಹೋದ ಮ್ಯಾಲೆ ಇನ್ನೊಬ್ಬನ್ನ ಇಟ್ಟಿಲ್ಲ ನಾನು. ಅವನ ಸ್ಟೂಲು ಒಳಗ ಐತಿ, ತಗೊಂಡು ಕೂಡ್ರಿ.”