ಮಿಸ್ಸಮ್ಮ ಬರೆದ ಊರು

ಮೊಮ್ಮಗಳು ಹಾಲಿನ ಪುಡಿಯ ಡಬ್ಬಿ ತೆರೆದಾಗಲೆಲ್ಲ ನನಗೆ ಬೀದರಿನ ಮಿಷನ್ ಶಾಲೆಯ ಅಂಗಳ ನೆನಪಾಗುತ್ತದೆ.

ನಾಲ್ಕನೇ ಇಯತ್ತೆ ಮುಗಿದ ಮೇಲೆ ನನ್ನನ್ನು ಅಲ್ಲಿನ ಹಾಸ್ಟೆಲಿನಲ್ಲಿ ಬಿಡಲು ಅವ್ವ ನಮ್ಮೂರು ಜನವಾಡದಿಂದ ಕರೆತಂದಿದ್ದಳು. ಅಮೆರಿಕದಿಂದ ಬಂದು ಹಾಸ್ಟೆಲು ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮ ನನಗೆ ಪುಡಿಹಾಲಿನ ಲೋಟ ಕೊಟ್ಟಳು. ಮಗಳನ್ನು ಒಪ್ಪಿಸುವ ಮೊದಲು ಊರು ವಿಚಾರಿಸುವುದು ನಮ್ಮ ಪದ್ಧತಿ. ಬೀಗರನ್ನು ಕೇಳುವಂತೆಯೇ ಅವ್ವ ಕೇಳಿದಳು:

“ನಿಮ್ಮೂರಾಗ ನೀರು ಹ್ಯಾಂಗದರಿ? ಮಣ್ಣು ಎಂಥಾದು?”

ಮಿಸ್ಸಮ್ಮ ನಕ್ಕು, ಕೆಂಪು ಮಣ್ಣಿನಲ್ಲಿ ಕಡ್ಡಿಯಿಂದ ತನ್ನ ಸಣ್ಣ ಊರನ್ನು ಬರೆದಳು. ಬಳಸಿ ಹರಿಯುವ ಹೊಳೆ, ಆಚೆ ಮೆಕ್ಕೆಜೋಳದ ಕರಿ ಹೊಲ, ಈಚೆ ರೈಲು ಹಳಿ, ಹಳಿಯ ಪಕ್ಕ ಕಾಳಿನ ಪೇಟೆ.

“ನಮ್ಮ ಬೀದರಿನ ಗಂಜ್ ಪ್ಯಾಟಿ ಹಂಗೇ ಅದ ಬಿಡ್ರಿ,” ಎಂದು ಅವ್ವ ಒಪ್ಪಿದಳು. “ಮನ್ಯಾಗ ಯಾರಿದ್ದಾರ?”

“ನಮ್ಮವ್ವ ಒಬ್ಬಾಕಿ. ಆಕಿ ಮಾರಿ ನೋಡಿ ಭಾಳ ವರ್ಷ ಆಯ್ತು.”

ಅವ್ವ ಎದ್ದು ನನ್ನ ರಟ್ಟೆ ಹಿಡಿದಳು. “ಹಡದಾಕೀನ ಬಿಟ್ಟಿರೋದೇ ಕಲಿಸ್ತಾಳ ಈಕಿ. ನಡಿ ಮನಿಗಿ.”

ಅರ್ಧ ಲೋಟ ಹಾಲು ಅಲ್ಲೇ ಉಳಿಯಿತು, ನನ್ನ ಓದೂ ಅಲ್ಲಿಗೇ ನಿಂತಿತು. ಬೀದರಿನ ನಕ್ಷೆ ತೋರಿಸಿದರೆ ನನಗೆ ಇಂದಿಗೂ ತಿಳಿಯದು. ಮಿಸ್ಸಮ್ಮನ ಆ ಊರಿನ ಹೊಳೆ, ಹಳಿ, ಪೇಟೆಯನ್ನು ಮಾತ್ರ ಒಂದು ಕಡ್ಡಿ ಕೊಟ್ಟರೆ ತಪ್ಪಿಲ್ಲದೆ ಬರೆಯುತ್ತೇನೆ.